ಕುವೈತ್ ಎಂದರು, ಇಳಿಸಿದ್ದು ಇರಾಕಿನ ಸೆರೆಶಿಬಿರದಲ್ಲಿ

ಅಮೆರಿಕದ ಸೇನಾ ನೆಲೆಯಲ್ಲಿ ಅಡುಗೆ ಕೆಲಸ, ಕೈತುಂಬ ಸಂಬಳ ಎಂದು ಯಾರಾದರೂ ಆಸೆ ತೋರಿಸಿದರೆ ಹಣ ಕೊಡುವ ಮುಂಚೆ ಇದನ್ನು ಓದಿ.

2007ರಲ್ಲಿ ಏಜೆಂಟನೊಬ್ಬ ಕುವೈತಿನ ಹೋಟೆಲಿನಲ್ಲಿ ಕೆಲಸ, ತಿಂಗಳಿಗೆ 140 ದಿನಾರ್ ಎಂದ. ಸಾಲ ಮಾಡಿ 1,20,000 ರೂಪಾಯಿ ಕೊಟ್ಟೆ. ಕುವೈತಿನಲ್ಲಿ ಒಂದೇ ಕೋಣೆಯಲ್ಲಿ ಹದಿನಾಲ್ಕು ಮಂದಿ ಹತ್ತು ದಿನ ಕೊಳೆತೆವು. ಆಮೇಲೊಂದು ರಾತ್ರಿ ಬಸ್ ಹತ್ತಿಸಿದರು. ಬೆಳಕು ಹರಿದಾಗ ಕಂಡದ್ದು ಇರಾಕಿನ ಉಮ್ ಕಸರ್ ಬಳಿ ಅಮೆರಿಕ ಸೇನೆ ನಡೆಸುತ್ತಿದ್ದ ಸೆರೆಶಿಬಿರ, ಕ್ಯಾಂಪ್ ಬುಕ್ಕಾ. ಮರಳು, ಮುಳ್ಳುತಂತಿ, ಕಾವಲುಗೋಪುರ, ಒಳಗೆ ಸಾವಿರಾರು ಬಂಧಿತರು.

ಕಾರ್ಮಿಕರು ಇರಾಕಿಗೆ ಹೋಗುವುದನ್ನು ಭಾರತ ಸರ್ಕಾರ 2004ರಲ್ಲೇ ನಿಷೇಧಿಸಿತ್ತು. ಹಾಗಾಗಿ ದೂರು ಕೊಡಲೂ ಭಯ. ಪಾಸ್‌ಪೋರ್ಟ್ ಮೇಲ್ವಿಚಾರಕನ ಪೆಟ್ಟಿಗೆಯಲ್ಲಿತ್ತು. (ಪಾಸ್‌ಪೋರ್ಟ್‌ಗಳನ್ನು ಹಿಂದಿರುಗಿಸಿ ಎಂದು ಅಮೆರಿಕ ಸೇನೆ 2006ರಲ್ಲೇ ಗುತ್ತಿಗೆದಾರರಿಗೆ ಆದೇಶಿಸಿತ್ತು. ಅದು ನನಗೆ ತಿಳಿದದ್ದು ಊರಿಗೆ ಮರಳಿದ ಮೇಲೆ.)

ಕೈಗೆ ಬಂದ ಸಂಬಳ 85 ದಿನಾರ್. ಮೇಲೆ ಅಮೆರಿಕದ ದೊಡ್ಡ ಗುತ್ತಿಗೆದಾರ, ಕೆಳಗೆ ಕುವೈತಿನ ಉಪಗುತ್ತಿಗೆದಾರ, ಅದರ ಕೆಳಗೆ ಮತ್ತೊಬ್ಬ. ಹಣ ಇಳಿದು ಬರುವಷ್ಟರಲ್ಲಿ ನಮ್ಮ ಪಾಲಿಗೆ ಉಳಿದದ್ದು ಇಷ್ಟು. ಇಂಥ ಗುತ್ತಿಗೆಗಳಲ್ಲಿ ಆದ ಖರ್ಚನ್ನು ಅಮೆರಿಕ ಸರ್ಕಾರವೇ ತುಂಬಿಕೊಟ್ಟು ಅದರ ಮೇಲೆ ಶುಲ್ಕವನ್ನೂ ಕೊಡುವ ಪದ್ಧತಿಯಿತ್ತು. ಹಾಗಿದ್ದ ಮೇಲೆ ಉಳಿತಾಯ ಯಾರಿಗೆ ಬೇಕು? ಊಟದ ಮನೆಯ ಬಾಗಿಲಲ್ಲಿ ಒಬ್ಬ ಎಣಿಕೆಯ ಯಂತ್ರ ಹಿಡಿದು ನಿಲ್ಲುತ್ತಿದ್ದ. ಸೈನಿಕ ಒಳಗೆ ಬಂದರೆ ಟಕ್. ಅವನೇ ಕಾಫಿಗೆಂದು ಮತ್ತೆ ಬಂದರೂ ಟಕ್. ಅದೇ ಊಟದ ಮನೆಯೊಳಗೆ ಬೇಯಿಸಿದ ನಮಗೆ ಕೂರಲು ಅವಕಾಶವಿರಲಿಲ್ಲ. ಕಂಟೇನರಿನ ನೆರಳಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಅನ್ನ, ನೀರುನೀರಾದ ಸಾರು ಉಣ್ಣುತ್ತಿದ್ದೆವು. ಬಡಿಸದ ಊಟಕ್ಕೂ ಬಿಲ್ ಮಾಡಲಾಗಿದೆ ಎಂದು ಪೆಂಟಗಾನಿನ ಲೆಕ್ಕಪರಿಶೋಧಕರು ತಕರಾರು ತೆಗೆದಿದ್ದರೆಂದು ಎಷ್ಟೋ ವರ್ಷದ ಮೇಲೆ ಓದಿದಾಗ ಆ ಟಕ್ ಟಕ್ ನೆನಪಾಗಿ ನಗು ಬಂತು. ಇರಾಕ್, ಅಫ್ಗಾನಿಸ್ತಾನಗಳ ಗುತ್ತಿಗೆಗಳಲ್ಲಿ 3,100 ಕೋಟಿಯಿಂದ 6,000 ಕೋಟಿ ಡಾಲರ್ ಪೋಲು, ವಂಚನೆಗೆ ಹೋಗಿದೆ ಎಂದು 2011ರಲ್ಲಿ ಅಮೆರಿಕದ ಆಯೋಗವೇ ಅಂದಾಜಿಸಿತು. ನಮ್ಮ ಕೈಗೆ ಬಾರದ 55 ದಿನಾರ್ ಯಾವ ಲೆಕ್ಕದಲ್ಲೂ ಬರಲಿಲ್ಲ.

ಬುಕ್ಕಾ 2009ರಲ್ಲಿ ಮುಚ್ಚಿತು. ಇಂಥ ಏಜೆಂಟರು ಮಾತ್ರ ಅಂಗಡಿ ಮುಚ್ಚಿಲ್ಲ. 2012ರ ಅಮೆರಿಕ ಅಧ್ಯಕ್ಷರ ಆದೇಶದಂತೆ ಆ ಸರ್ಕಾರದ ಗುತ್ತಿಗೆ ಕೆಲಸಕ್ಕೆ ಕಾರ್ಮಿಕರಿಂದ ನೇಮಕಾತಿ ಶುಲ್ಕ ಪಡೆಯುವಂತಿಲ್ಲ. ಆದ್ದರಿಂದ ಅಮೆರಿಕದ ನೆಲೆಯ ಕೆಲಸ ಎಂದು ಹೇಳಿ ದುಡ್ಡು ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ವೀಸಾದಲ್ಲಿರುವ ದೇಶವೂ ಒಪ್ಪಂದಪತ್ರದಲ್ಲಿರುವ ದೇಶವೂ ಒಂದೇ ಆಗಿದೆಯೇ ಎಂದು ವಿಮಾನ ಹತ್ತುವ ಮುಂಚೆ ನೋಡಿಕೊಳ್ಳಿ. ಪಾಸ್‌ಪೋರ್ಟಿನ ಒಂದು ನಕಲನ್ನು ಮನೆಯಲ್ಲಿಟ್ಟು ಹೊರಡಿ.