ಅಪ್ಪನ ನೆಗೆಟಿವ್‌ಗಳಿಗೆ ಮೂರು ದಾರಿ: ಡಬ್ಬಿ ಸ್ಕ್ಯಾನರ್, ಫ್ಲಾಟ್‌ಬೆಡ್, ಕ್ಯಾಮೆರಾ

ಹಳೇ ನೆಗೆಟಿವ್‌ಗಳನ್ನು ಡಿಜಿಟಲ್ ಫೋಟೋ ಮಾಡಲು ಯಾವ ದಾರಿ ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ಯಾಮೆರಾಗೆ. 9,000 ರೂಪಾಯಿ ಕೊಟ್ಟು ಫಿಲ್ಮ್ ಸ್ಕ್ಯಾನರ್ ತಂದು ಕೈ ಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಇದು.

ಅಪ್ಪ ಚಿಕ್ಕಮಗಳೂರಿನ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದರು. ಸಂಬಳ ಕಡಿಮೆ, ಫೋಟೋ ಹುಚ್ಚು ಜಾಸ್ತಿ. ಮೊದಲು ಆಗ್ಫಾ ಕ್ಲಿಕ್ 3, ಆಮೇಲೆ ಯಾರೋ ಬಳಸಿ ಬಿಟ್ಟ 35 ಎಂಎಂ ಕ್ಯಾಮೆರಾ. ಅವರ ಬಿಸ್ಕೆಟ್ ಡಬ್ಬಿಯಲ್ಲಿ ಸುಮಾರು 700 ನೆಗೆಟಿವ್, ಜೊತೆಗೆ ಚಿಕ್ಕಪ್ಪನ 80 ಸ್ಲೈಡ್ ಇದ್ದವು. 1978ರ ಉಪಚುನಾವಣೆಗೆ ಇಂದಿರಾ ಗಾಂಧಿ ಇಲ್ಲಿ ನಿಂತಾಗ ಸೇರುತ್ತಿದ್ದ ಜನ, ಹೂವಾದ ಕಾಫಿ ಗಿಡ, ಬೇಲೂರಿಗೆ ಹೋದ ಪ್ರವಾಸ, ಎಲ್ಲ ಅದರೊಳಗೇ. ಹಾಸನದ ಲ್ಯಾಬ್ ಒಂದಕ್ಕೆ ಕೊಡೋಣ ಅಂದುಕೊಂಡಿದ್ದೆ. ಆ ಡಬ್ಬಿಯನ್ನು ಬಸ್ಸು ಹತ್ತಿಸಲು ಮನಸ್ಸು ಬರಲಿಲ್ಲ.

ಹಾಗಾಗಿ ಆ 9,000ದ ಡಬ್ಬಿ ಸ್ಕ್ಯಾನರ್ ಬಂತು. ಫಿಲ್ಮನ್ನು ಹೋಲ್ಡರಿಗೆ ಹಾಕಿ ತಳ್ಳು, ಗುಂಡಿ ಒತ್ತು, ಮೆಮೊರಿ ಕಾರ್ಡಿನಲ್ಲಿ ಫೋಟೋ ರೆಡಿ. ಕಂಪ್ಯೂಟರೂ ಬೇಡ. ಮೊದಲ ಸಂಜೆ ಬಲು ಖುಷಿ.

ತಕರಾರು ಶುರುವಾಗಿದ್ದು ಅಂಚಿನಿಂದ. ಅಪ್ಪನ ಗ್ರೂಪ್ ಫೋಟೋ ಅಂದರೆ ಈ ತುದಿಯಿಂದ ಆ ತುದಿಗೆ ಜನ ತುಂಬಿರಬೇಕು. ಫಿಲ್ಮಿಗೆ ದುಡ್ಡು ಕೊಟ್ಟಿದ್ದೇವೆ, ಖಾಲಿ ಜಾಗ ಯಾಕೆ ಅನ್ನುವ ರೈಟರ್ ಲೆಕ್ಕ. ಈ ಡಬ್ಬಿಯೋ, 36 ಮಿಲಿಮೀಟರ್ ಅಗಲದ ಫ್ರೇಮಿನ ಸುತ್ತಲೂ ಒಂದಿಷ್ಟು ಸವರಿ ಉಳಿದಿದ್ದನ್ನು ಕೊಡುತ್ತಿತ್ತು. ಅತ್ತೆಯ ಮದುವೆ ಫೋಟೋದಲ್ಲಿ ಎಡತುದಿಗೆ ನಿಂತಿದ್ದ ಅಜ್ಜಿಗೆ ಅರ್ಧ ಮುಖವೇ ಇಲ್ಲ. ಹೋಲ್ಡರ್ ಸ್ವಲ್ಪ ಸರಿಸಿದೆ. ಅಜ್ಜಿ ಬಂದರು, ಬಲತುದಿಯ ಮಾವ ಹೋದರು.

ಸರಿ, ಎರಡು ಸಲ ತೆಗೆದು ಜೋಡಿಸೋಣ ಅಂತ ಕೂತೆ. ಹೋಲ್ಡರಿನಲ್ಲಿ ಆರು ಕಿಟಕಿ, ನಡುವೆ ಪ್ಲಾಸ್ಟಿಕ್ ಪಟ್ಟಿ. ಅಪ್ಪನ ಹಳೇ ಕ್ಯಾಮೆರಾ ರೀಲು ಸುತ್ತುವಾಗ ಫ್ರೇಮುಗಳ ನಡುವೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಜಾಗ ಬಿಡುತ್ತಿತ್ತು. ಮೊದಲನೆಯದನ್ನು ಕಿಟಕಿಗೆ ಸರಿಯಾಗಿ ಕೂರಿಸಿದರೆ ನಾಲ್ಕನೆಯದರ ಹೊತ್ತಿಗೆ ಪಟ್ಟಿ ಯಾರದೋ ಮೂಗಿನ ಮೇಲೆ. ರೇಗಿ ಬ್ಲೇಡ್ ತಂದು ಪಟ್ಟಿಗಳನ್ನೇ ಕತ್ತರಿಸಿದೆ. ಹಿಡಿತ ಹೋದ ಫಿಲ್ಮ್ ಬಿಲ್ಲಿನ ಹಾಗೆ ಬಾಗಿತು, ಫೋಕಸ್ ಕೆಟ್ಟಿತು. ಮಾರಿದವರಿಗೆ ಫೋನ್ ಮಾಡಿದೆ. "ಅದು ಹಾಗೇ ಬರೋದು ಸಾರ್" ಅಂದರು. ಹೋಲ್ಡರ್ ಕತ್ತರಿಸಿದ್ದೀರಲ್ಲ, ವಾಪಸ್ ತಗೊಳ್ಳಲ್ಲ ಅಂತಲೂ ಅಂದರು. ಅದು ನನ್ನ ತಪ್ಪೇ ಬಿಡಿ.

ಡಬ್ಬಿ ಕೊಟ್ಟ ಫೋಟೋಗಳಲ್ಲಿ ಬಿಳಿ ಪಂಚೆಗಳೆಲ್ಲ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತಿದ್ದವು. ಕ್ಲಿಕ್ 3ರ ಚೌಕ ನೆಗೆಟಿವ್ ಅದರ ಬಾಯಿಗೇ ಹಿಡಿಯಲಿಲ್ಲ. ಅದು 120 ಅನ್ನುವ ಅಗಲ ಫಿಲ್ಮ್, ಒಂದೊಂದು ಫ್ರೇಮು ಹೆಚ್ಚುಕಡಿಮೆ 6 ಸೆಂಟಿಮೀಟರ್ ಚೌಕ. ಚುನಾವಣೆಯ ಫೋಟೋ ಇದ್ದಿದ್ದು ಅದರಲ್ಲೇ.

ಆಮೇಲೆ ಗೆಳೆಯನ ಫ್ಲಾಟ್‌ಬೆಡ್, ಅಂದರೆ ಗಾಜಿನ ಮೇಲಿಟ್ಟು ಮುಚ್ಚಳ ಮುಚ್ಚುವ ಸ್ಕ್ಯಾನರ್, ಎರಡು ವಾರ ಮನೆಗೆ ಬಂತು. ಮುಚ್ಚಳದಲ್ಲೂ ಲೈಟ್ ಇರುವಂಥದ್ದು. ಒಳ್ಳೆಯ ಮಷೀನು. ಚೌಕ ನೆಗೆಟಿವ್ ಹಿಡಿಯಿತು, ಅಜ್ಜಿ ಮಾವ ಇಬ್ಬರೂ ಉಳಿದರು. ಅದರಲ್ಲಿ ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಗುರುತಿಸಿ ಅಳಿಸುವ ಸೌಲಭ್ಯ ಇದೆ. ಗೆಳೆಯ ದುಡ್ಡು ಸುರಿದಿದ್ದೇ ಅದಕ್ಕಾಗಿ. ಆದರೆ ನನ್ನ ಹತ್ತಿರ ಇರುವುದು ಮುಕ್ಕಾಲು ಪಾಲು ಕಪ್ಪುಬಿಳುಪು. ಬಣ್ಣದ ಫಿಲ್ಮಿನ ಡೈ ಮೂಲಕ ಇನ್‌ಫ್ರಾರೆಡ್ ಹಾದುಹೋಗುತ್ತದೆ, ಧೂಳು ಮಾತ್ರ ಅದನ್ನು ತಡೆಯುತ್ತದೆ. ಕಪ್ಪುಬಿಳುಪಿನಲ್ಲಿ ಚಿತ್ರವೇ ಬೆಳ್ಳಿಯ ಕಣ. ಬೆಳ್ಳಿಯೂ ಬೆಳಕನ್ನು ತಡೆಯುತ್ತದೆ. ಮಷೀನಿಗೆ ಅಪ್ಪನ ಮೀಸೆಯೂ ಧೂಳೇ!

ಫ್ಲಾಟ್‌ಬೆಡ್ ನನಗೆ ಒಗ್ಗದ್ದಕ್ಕೆ ಇನ್ನೊಂದು ಕಾರಣ ಕರೆಂಟು. ನಾನು ಈ ಕೆಲಸಕ್ಕೆ ಕೂರುವುದು ರಾತ್ರಿ ಊಟವಾದ ಮೇಲೆ. ಮಳೆಗಾಲದಲ್ಲಿ ಆ ಹೊತ್ತಿಗೆ ಕರೆಂಟು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸ್ಕ್ಯಾನ್ ಅರ್ಧಕ್ಕೆ ಬಂದಾಗ ಹೋಯಿತೋ, ಮತ್ತೆ ಮೊದಲಿನಿಂದ.

ಈಗ ನಡೆಯುತ್ತಿರುವುದು ಕ್ಯಾಮೆರಾ ದಾರಿ: ಬೆಳಕಿನ ಪ್ಯಾಡ್ ಮೇಲೆ ಫಿಲ್ಮ್ ಇಟ್ಟು ಮೇಲಿನಿಂದ ಫೋಟೋ ತೆಗೆಯುವುದು. 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್ ಮನೆಯಲ್ಲೇ ಇತ್ತು. ಹತ್ತಿರದಿಂದ ತೆಗೆಯುವ ಸೆಕೆಂಡ್‌ಹ್ಯಾಂಡ್ 55 ಎಂಎಂ ಮ್ಯಾಕ್ರೊ ಲೆನ್ಸ್ 7,500, ಇನ್ನೂ ಹತ್ತಿರ ಹೋಗಲು ಲೆನ್ಸಿನ ಹಿಂದೆ ಹಾಕುವ ಎಕ್ಸ್‌ಟೆನ್ಶನ್ ಟ್ಯೂಬ್ ಮತ್ತು ಎಲ್‌ಇಡಿ ಪ್ಯಾಡ್ 2,000. ಕ್ಯಾಮೆರಾ ನಿಲ್ಲಿಸಲು, ಮುಚ್ಚಿಹೋದ ಸ್ಟುಡಿಯೊವೊಂದರ ಎನ್‌ಲಾರ್ಜರ್ (ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ಮಾಡುವ ಯಂತ್ರ) ಕಂಬ ಗುಜರಿಯಲ್ಲಿ 400ಕ್ಕೆ ಸಿಕ್ಕಿತು. ಡಬ್ಬಿಗೆ ಸುರಿದಿದ್ದಕ್ಕಿಂತ ಸಾವಿರದಷ್ಟು ಜಾಸ್ತಿ, ಅಷ್ಟೇ. ಪ್ಯಾಡ್ ಪವರ್ ಬ್ಯಾಂಕಿನಲ್ಲಿ ಉರಿಯುತ್ತದೆ, ಕ್ಯಾಮೆರಾಗೆ ಅದರದೇ ಬ್ಯಾಟರಿ. ಕರೆಂಟು ಹೋದರೆ ಇನ್ನೂ ಒಳ್ಳೆಯದೇ, ಕೋಣೆ ಕತ್ತಲಾಗಿ ಫಿಲ್ಮಿನ ಮೇಲೆ ಬೇರೆ ಬೆಳಕು ಹೊಳೆಯುವುದಿಲ್ಲ.

ಕ್ಯಾಮೆರಾ ಫಿಲ್ಮಿಗೆ ನೇರ ಇರಬೇಕು. ಫಿಲ್ಮ್ ಇಡುವ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ವ್ಯೂಫೈಂಡರಿನ ಸರಿ ನಡುವೆ ಬಂದರೆ ನೇರ ಇದೆ ಎಂದರ್ಥ. ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8, ಗುಂಡಿ ಒತ್ತುವಾಗ ಅಲುಗದ ಹಾಗೆ ಎರಡು ಸೆಕೆಂಡ್ ಟೈಮರ್. ಚಿತ್ರದ ಉದ್ದಕ್ಕೆ 6,000 ಪಿಕ್ಸೆಲ್ ಬರುತ್ತದೆ. 36 ಮಿಲಿಮೀಟರ್ ಫಿಲ್ಮಿಗೆ ಲೆಕ್ಕ ಹಾಕಿದರೆ ಇಂಚಿಗೆ ಸುಮಾರು 4,200 ಪಿಕ್ಸೆಲ್. ನಾನು ಅಂಚಿನ ರಂಧ್ರಗಳೂ ಕಾಣುವ ಹಾಗೆ ಸ್ವಲ್ಪ ಹಿಂದೆ ನಿಲ್ಲಿಸುತ್ತೇನೆ. ಇನ್ನು ಯಾರನ್ನೂ ಕತ್ತರಿಸುವುದಿಲ್ಲ.

ಸ್ಲೈಡು ಎಲ್ಲಕ್ಕಿಂತ ಸುಲಭ. ಅದರಲ್ಲಿ ಬಣ್ಣ ಇದ್ದ ಹಾಗೇ ಇರುತ್ತದೆ, ನೆಗೆಟಿವ್‌ನಂತೆ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಅಂತ ಉಲ್ಟಾ ಮಾಡುವ ಕೆಲಸವೇ ಇಲ್ಲ.

ಬಣ್ಣದ ನೆಗೆಟಿವ್‌ನ ಕಿತ್ತಳೆ ಛಾಯೆ ತೆಗೆಯುವುದು ಮಾತ್ರ ನನಗಿನ್ನೂ ಒಗ್ಗಿಲ್ಲ. ನಿನ್ನೆ ದೊಡ್ಡಪ್ಪ ಕೃಷ್ಣನ ಬಣ್ಣಕ್ಕೆ ತಿರುಗಿದ್ದರು. ನಮ್ಮ ಥಂಡಿಗೆ ಕೆಲವು ಫಿಲ್ಮ್ ಪಟ್ಟಿಗಳಿಗೆ ಬೂಷ್ಟೂ ಹಿಡಿದಿದೆ. ನಿಮ್ಮಲ್ಲೂ ಹಾಗಿದ್ದರೆ ನೀರು ಹಾಕಿ ಒರೆಸಬೇಡಿ. ಫಿಲ್ಮಿನ ಮೇಲೆ ಚಿತ್ರವನ್ನು ಹಿಡಿದಿರುವ ಅಂಟು ಪದರ ಜೆಲಟಿನ್. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗುತ್ತದೆ, ಚಿತ್ರವೂ ಅದರ ಜೊತೆ ಹೋಗುತ್ತದೆ.

ನಿಮ್ಮದು ಜಾಸ್ತಿ ಬಣ್ಣದ ಫಿಲ್ಮಾಗಿದ್ದು, ಮನೆಯಲ್ಲಿ ಕ್ಯಾಮೆರಾ ಇಲ್ಲ, ಯುಪಿಎಸ್ ಇದೆ ಅಂದರೆ ಫ್ಲಾಟ್‌ಬೆಡ್ ತಗೊಳ್ಳಿ. ಸುಮ್ನೆ ವಾಟ್ಸಾಪಿಗೆ ಹಾಕಲು ಡಬ್ಬಿಯೂ ಸಾಕು, ನಿಮ್ಮ ಅಜ್ಜಿ ಫೋಟೋದ ನಡುವೆ ನಿಂತಿದ್ದರೆ.