ಶೂ ಮೇಲಿನ ಫುಟ್ ಪಾಡ್‌ಗೆ ವೆಲ್ಕ್ರೋ ಪೌಚ್: ಎರಡು ಮಳೆಗಾಲದ ಬಳಕೆಯ ನಂತರ

ಫುಟ್ ಪಾಡ್ ಎಂದರೆ ಶೂ ಮೇಲೆ ಕೂತು ಓಟದ ವೇಗ, ದೂರವನ್ನು ವಾಚ್‌ಗೆ ಕಳಿಸುವ ಪುಟ್ಟ ಸೆನ್ಸರ್. ಅದಕ್ಕೆ ಪೌಚ್ ಕೊಳ್ಳುವಾಗ ಎಲ್ಲರೂ ಕೇಳುವುದು, ಸೆನ್ಸರ್‌ಗೆ ಏಟು ಬೀಳದಂತೆ ಕಾಯುತ್ತದೆಯೇ ಎಂದು. ಲೇಸ್ ಮೇಲೆ ಕೂತ ಸೆನ್ಸರ್ ಒಡೆಯುವುದು ಅಪರೂಪ; ಅಲುಗಾಡಿ ಲೆಕ್ಕ ತಪ್ಪುವುದೇ ಹೆಚ್ಚು. ಒಳಗಿನ ಆಕ್ಸೆಲೆರೋಮೀಟರ್ ಪಾದದ ಚಲನೆಯನ್ನು ಅಳೆದು ವೇಗ, ದೂರ ಹೇಳುತ್ತದೆ. ಪೌಚ್ ಸಡಿಲವಿದ್ದರೆ ಅದರ ಕುಣಿತವೂ ಲೆಕ್ಕಕ್ಕೆ ಸೇರುತ್ತದೆ.

ಈ ಪೌಚ್‌ಗಳ ಹುಟ್ಟಿಗೂ ಒಂದು ಕಾರಣವಿದೆ. 2006ರ ನೈಕಿ ಪ್ಲಸ್ ಐಪಾಡ್ ಸೆನ್ಸರ್ ಕೂರುತ್ತಿದ್ದುದು ನೈಕಿಯ ಕೆಲವು ಶೂಗಳಲ್ಲಿ, ಎಡಗಾಲಿನ ಇನ್‌ಸೋಲ್ ಕೆಳಗಿದ್ದ ಗುಳಿಯಲ್ಲಿ. ಬೇರೆ ಶೂ ಹಾಕುವವರು ಅದನ್ನು ಲೇಸ್‌ಗೆ ಕಟ್ಟಿಕೊಳ್ಳಲು ಇಂಥ ಪೌಚ್ ಬಂದವು.

ನಿಯೋಪ್ರೀನ್ ಬಟ್ಟೆ, ಮೇಲೊಂದು ವೆಲ್ಕ್ರೋ ಮುಚ್ಚಳ, ಅಡಿಯಲ್ಲಿ ಲೇಸ್ ಕೆಳಗೆ ಹಾಯುವ ಪಟ್ಟಿ: ಈ ಮಾದರಿ ಹೀಗಿದೆ. ಪಟ್ಟಿಯನ್ನು ಲೇಸಿನ ಒಂದೇ ಸಾಲಿನಡಿ ತೂರಿಸಿದರೆ ಪೌಚ್ ಪಕ್ಕಕ್ಕೆ ವಾಲುತ್ತದೆ. ಕನಿಷ್ಠ ಎರಡು ಸಾಲು ಬೇಕು. ಜಾಗವೂ ಮುಖ್ಯ. ಕಣಕಾಲಿನ ಹತ್ತಿರ, ಗಂಟಿನ ಪಕ್ಕ ಬೇಡ. ಅಲ್ಲಿ ಶೂ ನಾಲಿಗೆ ಪ್ರತಿ ಹೆಜ್ಜೆಗೂ ಮಡಚುತ್ತದೆ. ಲೇಸಿನ ನಡುಭಾಗದಲ್ಲಿ, ಶೂಗೆ ಅಂಟಿಕೊಂಡಂತೆ ಕೂರಿಸಿ. ಬೆರಳಲ್ಲಿ ತಳ್ಳಿದಾಗ ಪೌಚ್ ಒಂದೇ ಜಾರಬಾರದು, ಶೂ ಸಮೇತ ಅಲುಗಬೇಕು. ಸೆನ್ಸರ್‌ಗಿಂತ ದೊಡ್ಡ ಪೌಚ್ ಬಂದಿದ್ದರೆ ಒಳಗೆ ತೆಳು ಫೋಮ್ ತುಂಡು ಇಟ್ಟರೆ ಸಾಕು.

ಪೌಚ್ ಬದಲಿಸಿದಾಗ, ಶೂ ಬದಲಿಸಿದಾಗ ಕ್ಯಾಲಿಬ್ರೇಷನ್, ಅಂದರೆ ಸೆನ್ಸರ್ ಲೆಕ್ಕವನ್ನು ನಿಜವಾದ ದೂರಕ್ಕೆ ಹೊಂದಿಸುವುದು, ಮತ್ತೆ ಮಾಡಲೇಬೇಕು. 400 ಮೀಟರ್ ಟ್ರ್ಯಾಕ್‌ನ ಮೊದಲ ಲೇನ್‌ನಲ್ಲಿ, ಒಳ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಎರಡು ಸುತ್ತು ಓಡಿ. ವಾಚ್ 824 ಮೀಟರ್ ತೋರಿಸಿತು ಎನ್ನಿ. ವಾಚ್‌ನಲ್ಲಿರುವ ಹಳೆಯ ಕ್ಯಾಲಿಬ್ರೇಷನ್ ಸಂಖ್ಯೆಯನ್ನು 800ರಿಂದ ಗುಣಿಸಿ 824ರಿಂದ ಭಾಗಿಸಿ: 100 ಇದ್ದದ್ದು 97.1 ಆಗುತ್ತದೆ.

ಈ ಪೌಚ್‌ನ ದೊಡ್ಡ ದೋಷ ನೀರು. ನಿಯೋಪ್ರೀನ್ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಬೆವರಿನ ಉಪ್ಪು, ಮಳೆನೀರು ಎರಡೂ ಸೆಲ್ ಮುಚ್ಚಳದ ಸಂದಿಗೆ ತಾಗಿಕೊಂಡೇ ಇರುತ್ತವೆ. ರಬ್ಬರ್ ರಿಂಗ್ ಸವೆದಿದ್ದರೆ ಒಳಗಿನ ಲೋಹದ ಪಟ್ಟಿಗೆ ಹಸಿರು ಕಿಲುಬು ಹಿಡಿದು, ಹೊಸ ಸಿಆರ್ 2032 ಬಿಲ್ಲೆ ಸೆಲ್ ಹಾಕಿದರೂ ಸಂಪರ್ಕ ಕಡಿಯುತ್ತದೆ. ಕಿಲುಬನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಬಹುದು. ಅದಕ್ಕಿಂತ, ಓಟ ಮುಗಿದ ಕೂಡಲೇ ಸೆನ್ಸರ್ ಹೊರತೆಗೆದು ಒರೆಸಿ, ಪೌಚ್ ತೊಳೆದು ನೆರಳಲ್ಲಿ ಒಣಗಿಸುವುದು ಒಳ್ಳೆಯದು.

ವೆಲ್ಕ್ರೋದ ಕೊಕ್ಕೆಗಳಲ್ಲಿ ಸಾಕ್ಸ್ ನೂಲು, ಒಣಹುಲ್ಲು ಸಿಕ್ಕಿಕೊಂಡು ಹಿಡಿತ ಸಡಿಲುತ್ತದೆ. ಹಳೆಯ ಟೂತ್‌ಬ್ರಷ್ಷಿನಿಂದ ಕೆರೆದರೆ ಬಹುಪಾಲು ಸರಿಹೋಗುತ್ತದೆ. ಕೆರೆದ ಮೇಲೂ ಮುಚ್ಚಳ ತಾನಾಗಿ ಎದ್ದರೆ ಪೌಚ್ ಬಿಸಾಡಿ. ಸೆನ್ಸರ್ ರಸ್ತೆಯಲ್ಲಿ ಕಳೆದರೆ ನಷ್ಟ ಎಷ್ಟೋ ಪಟ್ಟು.

ಮಳೆಯಲ್ಲೂ ಓಡುವವರಿಗೆ ನನ್ನ ಸಲಹೆ ಸಿಲಿಕೋನ್ ಕವರ್. ನೀರು ಹೀರುವುದಿಲ್ಲ, ಸೆನ್ಸರ್‌ನಿಂದ ವಾಚ್‌ಗೆ ಹೋಗುವ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡಿಯಿಲ್ಲ. ಲೇಸ್ ತೂರುವ ತೂತಿನ ಅಂಚು ಮಾತ್ರ ಹರಿಯುತ್ತದೆ, ತಿಂಗಳಿಗೊಮ್ಮೆ ಎಳೆದು ನೋಡಿ. ಲೋಹದ ಡಬ್ಬಿಯಂಥ ಕವರ್ ಕೊಳ್ಳಲೇಬೇಡಿ, ಸಿಗ್ನಲ್ ಅಲ್ಲೇ ಸತ್ತುಹೋಗುತ್ತದೆ. ಸ್ಟ್ರೈಡ್ (Stryd) ಕಂಪನಿಯ ಪಾಡ್‌ನಂತೆ ತನ್ನದೇ ಗಟ್ಟಿ ಕ್ಲಿಪ್ ಇರುವ ಪಾಡ್‌ಗೆ ಯಾವ ಪೌಚೂ ಬೇಕಿಲ್ಲ.