ರಕ್ತ ಶಿವಮೊಗ್ಗದಲ್ಲಿ, ಯಂತ್ರ ಬೆಂಗಳೂರಿನಲ್ಲಿ: ಜೆನೆಟಿಕ್ ಟೆಸ್ಟ್ ಸೇವೆಗೆ ಎಷ್ಟು ಅಂಕ?

ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೇಮಿಯಾ, ಸ್ನಾಯು ಸವೆಯುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರಫಿಯಂಥ ಮನೆತನದ ಕಾಯಿಲೆಗಳ ಟೆಸ್ಟಿಗೆ ಶಿವಮೊಗ್ಗದ ಕಲೆಕ್ಷನ್ ಸೆಂಟರುಗಳಲ್ಲಿ ರಕ್ತ ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸುವುದೇ ರೂಢಿ. ಈ ಸೇವೆಗೆ ಐದಕ್ಕೆ ಮೂರು ಅಂಕ. ಕೈತಪ್ಪಿದ ಎರಡು ಅಂಕದಲ್ಲಿ ಒಂದೂವರೆ ಸೂಜಿ ಚುಚ್ಚುವ ಮೇಜಿನಲ್ಲೇ ಹೋಗಿದೆ.

ಡಿಎನ್‌ಎ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಕ್ರೋಮೋಸೋಮುಗಳ ಸಂಖ್ಯೆ, ಆಕಾರ ನೋಡುವ ಕ್ಯಾರಿಯೋಟೈಪಿಂಗ್‌ಗೆ ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಟ್ಯೂಬ್ ಬೇಕು. ಅದಲುಬದಲಾದರೆ ಎರಡೂ ಕೆಟ್ಟವು: ಹೆಪಾರಿನ್ ಡಿಎನ್‌ಎಯ ನಕಲು ತೆಗೆಯುವ ಪಿಸಿಆರ್‌ಗೆ ಅಡ್ಡಗಾಲು ಹಾಕುತ್ತದೆ, ಇಡಿಟಿಎಯಲ್ಲಿಟ್ಟ ಜೀವಕೋಶ ಕಲ್ಚರಿನಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ರಕ್ತ ತುಂಬಿದ ಕೂಡಲೇ ಟ್ಯೂಬನ್ನು 8–10 ಸಲ ಮೆಲ್ಲಗೆ ಬುಡಮೇಲು ಮಾಡಬೇಕು. ಜೋರಾಗಿ ಕುಲುಕಿದರೆ ಕಣ ಒಡೆಯುತ್ತದೆ, ಹಾಗೇ ಸ್ಟ್ಯಾಂಡಿಗೆ ಸಿಕ್ಕಿಸಿದರೆ ಹೆಪ್ಪುಗಟ್ಟುತ್ತದೆ. ಹೆಸರಿನ ಚೀಟಿ ಕೂತವರ ಕಣ್ಣೆದುರೇ ಅಂಟಬೇಕು. ಗಂಡ ಹೆಂಡತಿ ಒಟ್ಟಿಗೆ ರಕ್ತ ಕೊಟ್ಟಾಗ ಚೀಟಿ ಆಮೇಲೆ ಅಂಟಿಸಿದರೆ ಒಬ್ಬರ ಕ್ಯಾರಿಯರ್ (ತನಗೆ ಕಾಯಿಲೆಯಿಲ್ಲದೆ ದೋಷದ ಜೀನ್ ಹೊತ್ತವರು) ಫಲಿತಾಂಶ ಇನ್ನೊಬ್ಬರ ತಲೆಗೆ ಬರಬಹುದು.

ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬಂದ ಸ್ಯಾಂಪಲ್ ಶಿವಮೊಗ್ಗದಲ್ಲಿ ರಾತ್ರಿ ಕಳೆದೇ ಬೆಂಗಳೂರಿನ ದಾರಿ ಹಿಡಿಯುವುದುಂಟು. ಇಡಿಟಿಎ ರಕ್ತ 2–8 ಡಿಗ್ರಿಯಲ್ಲಿ ಕೆಲವು ದಿನ ತಡೆಯುತ್ತದೆ; ಐಸ್‌ಪ್ಯಾಕಿಗೆ ನೇರ ತಾಗಿದರೆ ಮಾತ್ರ ಮರಗಟ್ಟಿ ಕಣ ಒಡೆಯುತ್ತದೆ, ನಡುವೆ ಹತ್ತಿಯೋ ಕಾಗದವೋ ಇರಲಿ. ಕ್ಯಾರಿಯೋಟೈಪಿಂಗ್‌ಗೆ ಜೀವಂತ ಕೋಶವೇ ಬೇಕಾದ್ದರಿಂದ ಶನಿವಾರ ಸಂಜೆ, ಆಷಾಢದ ಮಳೆಗೆ ರಸ್ತೆ ಕಟ್ಟಿದ ದಿನ ರಕ್ತ ಕೊಡಲೇಬೇಡಿ.

ಗೋಡೆಯ ಮೇಲೆ, ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಪ್ರಮಾಣಪತ್ರ ತೂಗುಹಾಕಿರುತ್ತಾರೆ. ಆದರೆ ವೈದ್ಯಕೀಯ ಲ್ಯಾಬುಗಳ ಗುಣಮಟ್ಟಕ್ಕಿರುವ ಐಎಸ್‌ಒ 15189 ಮಾನ್ಯತೆ ಸಿಗುವುದು ಒಂದೊಂದು ಪರೀಕ್ಷೆಗೆ. ಸಕ್ಕರೆ, ಥೈರಾಯ್ಡಿಗೆ ಮಾನ್ಯತೆ ಇದ್ದ ಲ್ಯಾಬಿಗೆ ಜೀನ್ ಪರೀಕ್ಷೆಗೂ ಇರಬೇಕೆಂದಿಲ್ಲ. ಎನ್‌ಎಬಿಎಲ್ ಜಾಲತಾಣದಲ್ಲಿ ಆ ಲ್ಯಾಬಿನ ಸ್ಕೋಪ್ (ಮಾನ್ಯತೆ ಸಿಕ್ಕ ಪರೀಕ್ಷೆಗಳ ಪಟ್ಟಿ) ತೆರೆದು ನಿಮ್ಮ ಟೆಸ್ಟಿನ ಹೆಸರು ಹುಡುಕಿ. ಹೊರಗಿನವರು ಕಳಿಸುವ ಗುಟ್ಟಿನ ಸ್ಯಾಂಪಲ್‌ಗಳಲ್ಲಿ ಲ್ಯಾಬ್ ಹೇಗೆ ಪಾಸಾಗಿದೆ ಎಂದೂ ಕೇಳಿ. ಈ ಹೊರಗಿನ ಗುಣಮಟ್ಟ ತಪಾಸಣೆಗೆ ಇಕ್ಯೂಎ ಎಂದರೆ ಅವರಿಗೆ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಬೇರೆ ಕಡೆ ನೋಡಿ.

ಮೂಳೆ-ಕೀಲು ಕೆಡಿಸುವ ಹಂದಿಗೋಡು ಕಾಯಿಲೆ ಕಂಡ ಸಾಗರದ ಸೀಮೆಯವರಿಗೆ ಮನೆತನದ ಕಾಯಿಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಎಡವುವುದು ವರದಿ ಓದುವಾಗ. ಥಲಸ್ಸೇಮಿಯಾಗೆ ಮಾಡುವ ಎಚ್‌ಪಿಎಲ್‌ಸಿಯಲ್ಲಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಹಿಮೋಗ್ಲೋಬಿನ್ ಎ2 ಶೇ. 3.5ರಿಂದ 3.9ರೊಳಗೆ ಬಂದರೆ ಅದು ಕ್ಯಾರಿಯರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳಲಾಗದ ಗಡಿ. ಕಬ್ಬಿಣಾಂಶ ಕಮ್ಮಿಯಿದ್ದರೆ ಎ2 ಇಳಿದು ಕ್ಯಾರಿಯರ್ ತಪ್ಪಿಹೋಗಬಹುದು; ಮೂರು ತಿಂಗಳೊಳಗೆ ರಕ್ತ ಹಾಕಿಸಿಕೊಂಡಿದ್ದರೆ ಟೆಸ್ಟೇ ದಂಡ. ಇವೆರಡನ್ನೂ ಫಾರಂನಲ್ಲಿ ಕೇಳದ ಸೆಂಟರಿಗೆ ಅಂಕ ಕಡಿಮೆ. ಡುಶೆನ್‌ಗೆ ಎಂಎಲ್‌ಪಿಎ ಎಂಬ ಪರೀಕ್ಷೆ ಮಾಡಿ ‘ನಾರ್ಮಲ್’ ಎಂದು ಬರೆದಿದ್ದರೆ ನಿರಾಳವಾಗಬೇಡಿ: ಅದು ಆ ಜೀನಿನ 79 ಎಕ್ಸಾನ್‌ಗಳಲ್ಲಿ (ಜೀನಿನ ಭಾಗಗಳಲ್ಲಿ) ತುಂಡು ಬಿಟ್ಟುಹೋಗಿದೆಯೋ, ಎರಡೆರಡು ಬಾರಿ ಬಂದಿದೆಯೋ ಎಂದು ಎಣಿಸುತ್ತದೆ ಅಷ್ಟೆ. ಒಂದಕ್ಷರದ ದೋಷಕ್ಕೆ ಜೀನನ್ನು ಅಕ್ಷರಕ್ಕಕ್ಷರ ಓದುವ ಸೀಕ್ವೆನ್ಸಿಂಗ್ ಬೇಕು.

ಉಳಿದ ಅರ್ಧ ಅಂಕ ಹೋದದ್ದು ‘ವಿಯುಎಸ್’ ಎಂದು ಬರೆದ ಕಾಗದವನ್ನು ಕೌಂಟರಿನಲ್ಲಿ ಕೈಗಿಟ್ಟು ಕಳಿಸುವುದಕ್ಕೆ. ಅರ್ಥ ಇನ್ನೂ ಖಚಿತವಾಗದ ಬದಲಾವಣೆ ಅದು; ಜೆನೆಟಿಕ್ ಕೌನ್ಸೆಲರ್ ಜೊತೆ ಫೋನಿನಲ್ಲಾದರೂ ಮಾತನಾಡಿಸುವ ಸೆಂಟರ್ ಸಿಕ್ಕರೆ ಇನ್ನೂರು ರೂಪಾಯಿ ಜಾಸ್ತಿಯಾದರೂ ಅಲ್ಲಿಗೇ ಹೋಗಿ.